ಕೊಡಗಿನ ಅಪರೂಪದ ಜರೀಗಿಡಗಳು: ಎರಡು ಬಾಳು, ಎರಡನ್ನೂ ಕಾಯಬೇಕು

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ರಸ್ತೆಗಾಗಿ ಕಡಿದ ಬರೆಗಳ ಮೇಲೆ ಜರೀಗಿಡಕ್ಕೆ (ಫರ್ನ್) ಕೊರತೆಯೇ ಇಲ್ಲ. ಮಳೆಗಾಲದಲ್ಲಂತೂ ಬರೆಯ ಮಣ್ಣೇ ಕಾಣುವುದಿಲ್ಲ. ಇದನ್ನು ದಿನಾ ನೋಡುವವರಿಗೆ ಕೊಡಗಿನಲ್ಲಿ ಜರೀಗಿಡಗಳು ಕಡಿಮೆಯಾಗುತ್ತಿವೆ ಎಂದರೆ ನಗು ಬರಬಹುದು. ಆದರೆ ಆ ಬರೆಯ ಮುಂದೆ ನಿಂತು ಒಂದೊಂದೇ ಎಲೆ ಬಿಡಿಸಿ ನೋಡಿ, ಸಿಗುವುದು ಬೆರಳೆಣಿಕೆಯ ಜಾತಿಗಳು. ಕವಲೊಡೆದು ಹೆಣೆದುಕೊಂಡು ಇಡೀ ಬರೆಯನ್ನು ಮುಚ್ಚುವ ಡೈಕ್ರಾನಾಪ್ಟೆರಿಸ್, ಚಿಗುರು ಕೆಂಪಗೆ ಬರುವ ಬ್ಲೆಕ್ನಮ್, ಎಲೆಯಡಿ ಬಿಳಿ ಪುಡಿ ಮೆತ್ತಿದ ಪಿಟಿರೋಗ್ರಾಮ. ಮಕ್ಕಳು ಅಂಗೈಗೆ ಒತ್ತಿ ಬಿಳಿ ಅಚ್ಚು ಮೂಡಿಸಿಕೊಳ್ಳುವುದು ಈ ಕೊನೆಯದರಿಂದಲೇ. ಅದು ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿ ನೆಲೆ ನಿಂತ ಗಿಡ. ಇವೆಲ್ಲ ಬಿಸಿಲು, ಗಾಳಿ, ಬಡ ಮಣ್ಣು ಯಾವುದಕ್ಕೂ ಅಂಜುವುದಿಲ್ಲ. ಕಾಪಾಡಬೇಕಾದವು ಇರುವುದು ಅದೇ ಬರೆಯಿಂದ ಕೆಳಗಿಳಿದರೆ ಸಿಗುವ ತೋಡಿನ (ಸಣ್ಣ ತೊರೆಯ) ಪಕ್ಕದಲ್ಲಿ, ಬಂಡೆಯ ಸಂದಿಯಲ್ಲಿ, ಹಳೆಯ ಮರದ ಅಡ್ಡಕೊಂಬೆಯ ಮೇಲೆ.

ಜರೀಗಿಡಗಳು ಮತ್ತು ಅವುಗಳ ಜೊತೆಗೇ ಲೆಕ್ಕ ಹಿಡಿಯುವ ಲೈಕೋಫೈಟ್‌ಗಳು ಸೇರಿ ಜಗತ್ತಿನಲ್ಲಿ ಸುಮಾರು 12,000 ಜಾತಿಗಳಿವೆ. ಭಾರತದಲ್ಲಿ ಸಾವಿರದ ಆಸುಪಾಸು, ಪಶ್ಚಿಮ ಘಟ್ಟದಲ್ಲಿ ಮುನ್ನೂರರ ಆಸುಪಾಸು. ಲೈಕೋಫೈಟ್ ಎಂದರೆ ಸೆಲಾಜಿನೆಲ್ಲ, ಲೈಕೋಪೋಡಿಯಮ್‌ನಂಥವು. ನೋಡಲು ದೊಡ್ಡ ಜಾತಿಯ ಪಾಚಿಯಂತಿದ್ದರೂ ಪಾಚಿಗಳಲ್ಲ, ನೀರು ಸಾಗಿಸುವ ನಾಳಗಳು ಇವಕ್ಕಿವೆ. ವಂಶದ ಲೆಕ್ಕದಲ್ಲಿ ಇವು ಜರೀಗಿಡಗಳಿಂದ ಬೇರೆಯಾಗಿ ಸುಮಾರು 40 ಕೋಟಿ ವರ್ಷವಾಗಿದೆ. ಆದರೂ ಒಟ್ಟಿಗೆ ಮಾತಾಡುತ್ತೇವೆ, ಏಕೆಂದರೆ ಎರಡೂ ಹೂವು, ಕಾಯಿ, ಬೀಜ ಯಾವುದೂ ಇಲ್ಲದೆ ಬರೀ ಪುಡಿಯಂಥ ಬೀಜಕಗಳಿಂದ ವಂಶ ಮುಂದುವರಿಸುತ್ತವೆ. ಸಂರಕ್ಷಣೆಯ ತೊಡಕೆಲ್ಲ ಶುರುವಾಗುವುದು ಇಲ್ಲಿಂದಲೇ.

ಕಣ್ಣಿಗೆ ಬೀಳದ ಇನ್ನೊಂದು ಗಿಡ

ಜರೀಗಿಡದ ಎಲೆ ತಿರುಗಿಸಿದರೆ ಕಂದು ಚುಕ್ಕೆ ಅಥವಾ ಗೆರೆಗಳು ಕಾಣುತ್ತವೆ. ರೋಗವೆಂದು ಭಾವಿಸಿ ಔಷಧಿ ಹೊಡೆದವರೂ ಉಂಟು. ಅವು ಬೀಜಕ ಚೀಲಗಳ ಗುಂಪುಗಳು. ಒಂದೊಂದು ಚೀಲದಲ್ಲಿ ಸಾಮಾನ್ಯವಾಗಿ 64 ಬೀಜಕಗಳು. ಗಿಡ ದೊಡ್ಡದಾದರೆ ವರ್ಷಕ್ಕೆ ಲಕ್ಷಗಟ್ಟಲೆ, ಕೋಟಿಗಟ್ಟಲೆ. ಒಣಹವೆ ಬಂದಾಗ ಚೀಲ ಬಿರಿದು, ಕವಣೆಯಂತೆ ಹಿಂದಕ್ಕೆ ಬಾಗಿ, ಬೀಜಕಗಳನ್ನು ಎಸೆಯುತ್ತದೆ. ಗಾಳಿ ಸಿಕ್ಕರೆ ಅವು ಎಷ್ಟು ದೂರವಾದರೂ ಹೋಗಬಲ್ಲವು, ಆದರೆ ಹೆಚ್ಚಿನವು ತಾಯಿಗಿಡದಿಂದ ಕೆಲವೇ ಮೀಟರ್ ಒಳಗೆ ಬೀಳುತ್ತವೆ.

ಬಿದ್ದ ಬೀಜಕದಿಂದ ಹುಟ್ಟುವುದು ಜರೀಗಿಡವಲ್ಲ. ಮೊದಲು ಹಸಿರು ಎಳೆ, ಆಮೇಲೆ ಹೃದಯದಾಕಾರದ ಚಪ್ಪಟೆ ತುಣುಕು. ಐದರಿಂದ ಹತ್ತು ಮಿಲಿಮೀಟರ್ ಅಗಲ, ಬಹುಭಾಗ ಒಂದೇ ಪದರದ ಕೋಶಗಳು, ನಿಜವಾದ ಬೇರಿಲ್ಲ, ಎಲೆಗೆ ಇರುವಂಥ ಮೇಣದ ರಕ್ಷಣೆಯೂ ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಪ್ರೋಥ್ಯಾಲಸ್ ಎನ್ನುತ್ತಾರೆ. ಗಂಡು ಹೆಣ್ಣು ಅಂಗಗಳು ಇರುವುದು ಇದರ ಅಡಿಭಾಗದಲ್ಲಿ. ಗಂಡು ಕೋಶ ಹೆಣ್ಣು ಕೋಶದವರೆಗೆ ಈಜಿ ಹೋಗಬೇಕು. ಅದಕ್ಕೆ ತೆಳುವಾಗಿಯಾದರೂ ನೀರಿನ ಪದರ ಬೇಕೇ ಬೇಕು. ಕೂಡಿದ ಮೇಲೆ ಪ್ರೋಥ್ಯಾಲಸ್‌ನ ಮೇಲೆಯೇ ಮೊದಲ ಪುಟ್ಟ ಎಲೆ ಮೂಡುತ್ತದೆ. ನಾವು ಜರೀಗಿಡ ಎಂದು ಕರೆಯುವ ಗಿಡದ ಜೀವನ ಅಲ್ಲಿಂದ ಶುರು.

ಅಂದರೆ ಒಂದು ಜಾತಿ ಉಳಿಯಬೇಕಾದರೆ ಎರಡು ಬೇರೆ ಬೇರೆ ಗಿಡಗಳಿಗೆ ಜಾಗ ಬೇಕು. ದೊಡ್ಡದಕ್ಕೆ ಸ್ವಲ್ಪ ಒಣಹವೆ ತಡೆಯುವ ಶಕ್ತಿ ಇದೆ, ಚಿಕ್ಕದಕ್ಕೆ ಇಲ್ಲ. ಅದಕ್ಕೆ ಬೇಕಾದ್ದು ಹುಲ್ಲು, ತರಗೆಲೆ ಮುಚ್ಚದ ಬರಿ ಮಣ್ಣಿನ ಅಥವಾ ಕಲ್ಲಿನ ತುಣುಕು, ನೇರ ಬಿಸಿಲಿಲ್ಲದ ಬೆಳಕು, ಕೆಲವು ತಿಂಗಳು ಎಡೆಬಿಡದ ತೇವ. ಇಂಥ ಜಾಗ ಸಿಗುವುದು ತೋಡಿನ ದಡ ಸಣ್ಣಗೆ ಕುಸಿದಲ್ಲಿ, ಕಡಂಗದ (ಹಳೆಯ ಕಾಲದ ಕಂದಕದ) ಗೋಡೆಯ ನೆರಳಿನ ಮಗ್ಗುಲಲ್ಲಿ, ಬುಡಮೇಲಾದ ಮರದ ಬೇರಿನ ಮಣ್ಣಿನಲ್ಲಿ. ತೋಡಿನ ಪಕ್ಕ ದೊಡ್ಡ ಮರಜರೀಗಿಡಗಳು ಹತ್ತು ನಿಂತಿವೆ, ಆದರೆ ಕೆಳಗೆ ಒಂದೂ ಮರಿಯಿಲ್ಲ ಎಂದಾದರೆ ಆ ಗುಂಪು ಈಗಾಗಲೇ ಮುಗಿಯುವ ಹಾದಿಯಲ್ಲಿದೆ. ದೊಡ್ಡವು ಇನ್ನೂ ಎಷ್ಟೋ ವರ್ಷ ಬದುಕುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೆ.

ಯಾವುವು ಅಪರೂಪ

ಮರಜರೀಗಿಡಗಳಿಂದ ಶುರು ಮಾಡೋಣ. ತೋಡಿನ ಬದಿಯಲ್ಲಿ ಹೆಚ್ಚಾಗಿ ಕಾಣುವುದು ಸಯಾಥಿಯ ಜೈಗ್ಯಾಂಟಿಯ: ಎಲೆತೊಟ್ಟು ಕಪ್ಪಗೆ ಹೊಳೆಯುತ್ತದೆ, ಬೀಜಕ ಗುಂಪಿನ ಮೇಲೆ ಮುಚ್ಚಳದಂಥ ಪೊರೆ ಇರುವುದಿಲ್ಲ. ಸಯಾಥಿಯ ಸ್ಪೈನ್ಯುಲೋಸದ ತೊಟ್ಟಿನಲ್ಲಿ ಮುಳ್ಳುಗಳಿವೆ, ಬೀಜಕ ಗುಂಪಿಗೆ ಪೊರೆಯಿದೆ. ದಕ್ಷಿಣ ಭಾರತಕ್ಕೇ ಸೀಮಿತವಾದ ಸಯಾಥಿಯ ನೀಲ್ಗಿರೆನ್ಸಿಸ್ ಮೂರನೆಯದು. ಬೆಳೆಯುವ ಮೊಗ್ಗು ಸಾಮಾನ್ಯವಾಗಿ ಕಾಂಡದ ತುದಿಯಲ್ಲಿ ಒಂದೇ ಒಂದು; ತುದಿ ಕಡಿದರೆ ತೆಂಗಿನ ಹಾಗೆ ಇಡೀ ಮರ ಹೋಯಿತು. ಕಾಂಡದ ಸುತ್ತ ಹೆಣೆದ ಕಪ್ಪು ಬೇರುನಾರು ಆರ್ಕಿಡ್ ಬೆಳೆಸಲು ಒಳ್ಳೆಯ ಆಧಾರ ಎಂಬುದೇ ಇವುಗಳ ಶಾಪ. ಅಂಥ ಒಂದು ತುಂಡು ಕೊಂಡರೆ, ಬೆಳೆಯಲು ದಶಕಗಳು ಹಿಡಿದ ಒಂದು ಗಿಡ ಹೋದಂತೆಯೇ ಲೆಕ್ಕ. ಅದೇ ಆರ್ಕಿಡ್‌ಗೆ ತೆಂಗಿನ ಸಿಪ್ಪೆ, ಇದ್ದಿಲು ಧಾರಾಳವಾಗಿ ಸಾಕು.

ತೊರೆಯ ಮೇಲ್ಭಾಗದ ಜೌಗಿನಲ್ಲಿ, ಶೋಲಾ (ಎತ್ತರದ ಬೆಟ್ಟದ ಕಣಿವೆಗಳ ಕುಳ್ಳು ಮರಗಳ) ಕಾಡಿನ ಅಂಚಿನಲ್ಲಿ ಬೆಳೆಯುವ ಆಸ್ಮಂಡ ಇನ್ನೊಂದು. ಇದರ ಬೀಜಕಗಳು ಹಸಿರು. ಹಸಿರು ಬೀಜಕವೆಂದರೆ ಒಳಗೆ ಆಗಲೇ ಉಸಿರಾಟ, ಆಹಾರ ತಯಾರಿ ಎಲ್ಲ ನಡೆಯುತ್ತಿರುತ್ತದೆ. ಕಾಯುವ ತಾಳ್ಮೆ ಅದಕ್ಕಿಲ್ಲ. ಕಂದು ಬೀಜಕಗಳು ಒಣಗಿಸಿಟ್ಟರೆ ವರ್ಷಗಟ್ಟಲೆ ಜೀವ ಹಿಡಿದುಕೊಂಡಿದ್ದರೆ, ಹಸಿರಿನವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸಾಯುತ್ತವೆ. ಉದುರಿದ ಹೊತ್ತಿಗೆ ಜೌಗು ಒಣಗಿದ್ದರೆ ಆ ವರ್ಷದ ಪೀಳಿಗೆಯೇ ಇಲ್ಲ.

ಪೊರೆ ಜರೀಗಿಡಗಳು, ಅಂದರೆ ಹೈಮೆನೋಫಿಲ್ಲಮ್, ಕ್ರೆಪಿಡೋಮ್ಯಾನಿಸ್ ಮುಂತಾದವು, ಎಲ್ಲಕ್ಕಿಂತ ನಾಜೂಕು. ಎಲೆ ನರಗಳ ನಡುವೆ ಒಂದೇ ಕೋಶದ ದಪ್ಪ. ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಉಸಿರುರಂಧ್ರಗಳೇ ಇಲ್ಲ. ಜಲಪಾತದ ತುಂತುರು ಬೀಳುವ ಬಂಡೆ, ಮೋಡ ಮುಟ್ಟುವ ಎತ್ತರದ ಮರಗಳ ಬುಡ ಇವುಗಳ ಜಾಗ. ಹತ್ತಿರ ಹೋಗದಿದ್ದರೆ ಪಾಚಿಯೆಂದೇ ತಿಳಿಯುತ್ತೀರಿ, ಕಾಲಿಟ್ಟು ಜಾರಿದ ಮೇಲೂ ಹಾಗೇ ತಿಳಿಯುತ್ತೀರಿ. ಇರ್ಪು, ಮಲ್ಲಳ್ಳಿ, ಚೇಲಾವರದಂಥ ಜಲಪಾತಗಳಲ್ಲಿ ಜನ ನಿಂತು ಫೋಟೋ ತೆಗೆಸಿಕೊಳ್ಳುವ ತುಂತುರಿನ ಬಂಡೆಗಳು ಇಂಥವುಗಳಿಗೆ ಹೇಳಿ ಮಾಡಿಸಿದ ನೆಲೆ.

ಮರದ ಮೇಲಿನವುಗಳಲ್ಲಿ ಹ್ಯೂಪರ್ಜಿಯ, ಕೊಂಬೆಯಿಂದ ಗೊಂಡೆಗಳಂತೆ ಇಳಿಬೀಳುವ ಲೈಕೋಫೈಟ್. ಸೈಲೋಟಮ್, ಎಲೆ ಬೇರು ಎರಡೂ ಇಲ್ಲದೆ ಬರೀ ಕವಲೊಡೆದ ಹಸಿರು ಕಡ್ಡಿ. ಹುಲ್ಲುಗಾವಲಿನಲ್ಲಿ ಮೊದಲ ಮಳೆಗೆ ಒಂದೇ ಎಲೆ, ಒಂದೇ ತೆನೆ ಎತ್ತಿ ಮಳೆ ನಿಂತಾಗ ಮಾಯವಾಗುವ ಓಫಿಯೋಗ್ಲಾಸಮ್. ಇದರ ಒಂದು ಜಾತಿಯ ಕೋಶದಲ್ಲಿ ಸಾವಿರಕ್ಕೂ ಮೀರಿ ವರ್ಣತಂತುಗಳಿವೆ, ಮನುಷ್ಯನಲ್ಲಿ 46. ಆಳ ಕಣಿವೆಯ ನೆರಳಲ್ಲಿ ಎರಡಾಳುದ್ದದ ಎಲೆ ಬಿಡುವ ಆಂಜಿಯಾಪ್ಟೆರಿಸ್ ಈ ಪಟ್ಟಿಯ ದೈತ್ಯ.

ಎಲ್ಲ ಜರೀಗಿಡವನ್ನೂ ಕಾಪಾಡಬೇಕೆಂದಿಲ್ಲ. ಕೆರೆ ಮುಚ್ಚುವ ಸಾಲ್ವೀನಿಯ ಕೂಡ ಜರೀಗಿಡವೇ. ಅದು ಬ್ರೆಜಿಲ್ ಮೂಲದ ಕಳೆ, ಕಿತ್ತಷ್ಟೂ ಒಳ್ಳೆಯದು. ತೆರ್ಮೆ ತೊಪ್ಪು, ಅಂದರೆ ಡಿಪ್ಲಾಜಿಯಮ್ ಎಸ್ಕುಲೆಂಟಮ್, ಅಪರೂಪವಲ್ಲ. ಸುರುಳಿ ಬಿಚ್ಚದ ಚಿಗುರನ್ನು ಒಂದು ಬುಡದಿಂದ ಅರ್ಧದಷ್ಟು ಮಾತ್ರ ಮುರಿದರೆ ವರ್ಷ ವರ್ಷ ಬರುತ್ತದೆ. ಗುಡ್ಡದ ಹುಲ್ಲಿನಲ್ಲಿ ಬೆಂಕಿ ಬಿದ್ದ ಮೇಲೆ ಗುಂಪಾಗಿ ಏಳುವ ಟೆರಿಡಿಯಮ್‌ನ ಚಿಗುರೂ ಸುರುಳಿಯೇ, ಅದರಲ್ಲಿ ಕ್ಯಾನ್ಸರ್‌ಕಾರಕ ವಸ್ತುವಿದೆ. ತೆರ್ಮೆ ತೋಡಿನ, ಗದ್ದೆಯ ಒದ್ದೆಯಲ್ಲಿ ಬರುವುದು. ಒಣ ಗುಡ್ಡದ ಮೇಲಿನದನ್ನು ಸಾರಿಗೆ ಹಾಕಬೇಡಿ.

ಏನು ಕೊಲ್ಲುತ್ತಿದೆ

ಕಾಡು ಕಡಿಯುವುದು ಎಂದು ಒಂದೇ ಮಾತಲ್ಲಿ ಹೇಳಿಬಿಡುವುದು ಸುಲಭ. ಕೊಡಗಿನಲ್ಲಿ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳಿವೆ. ಪಶ್ಚಿಮ ಘಟ್ಟಕ್ಕೆ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟ ಸಿಕ್ಕಾಗ ಇವೂ ಅದರಲ್ಲಿ ಸೇರಿದವು. ಅಲ್ಲಿನ ಗಿಡಗಳಿಗೆ ಕಾನೂನಿನ ಬೇಲಿ ಇದೆ. ಅದರ ಹೊರಗೆ, ಕಾಫಿ ತೋಟ, ಬಾಣೆ (ಗದ್ದೆಗೆ ಸೇರಿದ ಕಾಡುಜಾಗ), ಪೈಸಾರಿ (ಸರ್ಕಾರಿ ಪಾಳುಭೂಮಿ), ಗದ್ದೆಯಂಚಿನ ತೋಡುಗಳಲ್ಲಿ ಇರುವವುಗಳ ಗತಿ ನಿರ್ಧಾರವಾಗುವುದು ತೋಟದ ದಿನನಿತ್ಯದ ಕೆಲಸಗಳಿಂದ.

ಮೊದಲನೆಯದು ನೀರು. ರೊಬಸ್ಟಾ ಕಾಫಿಯ ಹೂ ಅರಳಿಸಲು ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ. ತೋಡಿನಲ್ಲಿ ನೀರು ಅತಿ ಕಡಿಮೆ ಇರುವ ಹೊತ್ತೂ ಅದೇ. ಪಂಪು ಕೂತ ಜಾಗದಿಂದ ಕೆಳಗೆ ತೋಡು ಒಂದು ವಾರ ಪೂರ್ತಿ ಒಣಗಿದರೂ ಸಾಕು, ದಡದ ಪ್ರೋಥ್ಯಾಲಸ್‌ಗಳು, ಒಂದು ವರ್ಷದೊಳಗಿನ ಮರಿಗಳು ಉಳಿಯುವುದಿಲ್ಲ. ದೊಡ್ಡವಕ್ಕೆ ಏನೂ ಆದಂತೆ ಕಾಣುವುದಿಲ್ಲ. ಮಳೆಗಾಲದಲ್ಲಿ ತುಂಬಿಸಿಟ್ಟ ಕೆರೆಯಿಂದ ನೀರೆತ್ತಿದರೆ ಈ ತೊಂದರೆಯೇ ಇಲ್ಲ. ತೋಡಿನಿಂದಲೇ ಎತ್ತಬೇಕಾದರೆ ಹರಿವು ಪೂರ್ತಿ ನಿಲ್ಲದ ಹಾಗೆ ಫೂಟ್‌ವಾಲ್ವ್‌ನ ಗುಂಡಿಯನ್ನು ತೋಡಿನ ಮಧ್ಯದಲ್ಲಿ ಅಗೆಯದೆ ಪಕ್ಕದಲ್ಲಿ ಅಗೆದು, ರಾತ್ರಿ ಪಂಪು ನಿಲ್ಲಿಸಿದರೆ ಸ್ವಲ್ಪವಾದರೂ ಹಾನಿ ತಪ್ಪುತ್ತದೆ.

ಎರಡನೆಯದು ನೆರಳು ಮರ. ಅತ್ತಿ, ಗೋಣಿ, ಹಲಸು, ನಂದಿ, ಹೊನ್ನೆಯಂಥ ಮರಗಳ ದಪ್ಪ ಅಡ್ಡಕೊಂಬೆಗಳ ಮೇಲೆ ಹತ್ತಾರು ವರ್ಷದ ಪಾಚಿ, ಕೊಳೆತ ಎಲೆ, ಮಣ್ಣು ಸೇರಿ ಒಂದು ಹಾಸಿಗೆಯೇ ಆಗಿರುತ್ತದೆ. ಹ್ಯೂಪರ್ಜಿಯ, ಆಸ್ಪ್ಲೀನಿಯಮ್, ಸೈಲೋಟಮ್ ನೆಲೆಯೂರುವುದು ಅದರಲ್ಲಿ. ಸಿಲ್ವರ್ ಓಕ್‌ಗೆ ಅಡ್ಡಕೊಂಬೆ ಉಳಿಸುವ ರೂಢಿಯೇ ಇಲ್ಲ, ಮೆಣಸಿನ ಬಳ್ಳಿ ಹಬ್ಬಿಸಿ ನೆಟ್ಟಗೆ ಬೆಳೆಸಿ ಕೆಲವು ದಶಕದಲ್ಲಿ ಕಡಿದು ಮಾರುತ್ತಾರೆ. ಕಡಿಯಲು ಅನುಮತಿಯ ರಗಳೆ ಇಲ್ಲ ಎಂಬ ಕಾರಣಕ್ಕೇ ತೋಟದವರು ಅದನ್ನು ಹಿಡಿದದ್ದು. ಅವರನ್ನಷ್ಟೇ ದೂರಿ ಫಲವಿಲ್ಲ. ಮರಗಸಿ (ನೆರಳು ಮರದ ಕೊಂಬೆ ಸವರುವುದು) ಮಾಡುವಾಗ ಬುಡದ ಕಡೆಯ ಮೊದಲ ಎರಡು ದಪ್ಪ ಕೊಂಬೆಗಳನ್ನು ಬಿಟ್ಟು ಮೇಲಿನವನ್ನು ತೆಗೆದರೆ ಕಾಫಿಗೆ ಬೇಕಾದ ಬೆಳಕೂ ಬರುತ್ತದೆ, ಹಾಸಿಗೆಯೂ ಉಳಿಯುತ್ತದೆ. ಒಂದೇ ವರ್ಷ ಇಡೀ ತೋಟದ ಮರಗಸಿ ಮಾಡಬಾರದು. ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ಸಾಕು.

ಮೂರನೆಯದು ತಾಮ್ರ. ಒಂದು ಪರ್ಸೆಂಟ್ ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕಾಫಿಯ ಕೊಳೆರೋಗಕ್ಕೆ, ಅಡಿಕೆಗೆ ಅದು ಬೇಕು. ಆದರೆ ಶಿಲೀಂಧ್ರ, ಪಾಚಿಗಳನ್ನು ಕೊಲ್ಲುವ ತಾಮ್ರಕ್ಕೆ ಒಂದೇ ಪದರದ ಪ್ರೋಥ್ಯಾಲಸ್ ಯಾವ ಲೆಕ್ಕ. ದೊಡ್ಡ ತಪ್ಪು ಆಗುವುದು ಹೊಡೆಯುವಾಗಲ್ಲ, ಹೊಡೆದು ಮುಗಿದ ಮೇಲೆ ಡ್ರಮ್ಮು, ಗೇಟರ್ (ಸಿಂಪಡಿಸುವ ಪಂಪು) ಎಲ್ಲವನ್ನೂ ತೋಡಿನಲ್ಲಿ ತೊಳೆಯುವಾಗ. ಡ್ರಮ್ಮಿನ ಅಡಿಯಲ್ಲಿ ಕೂತ ಗಸಿಯೇ ಎಲ್ಲಕ್ಕಿಂತ ಗಟ್ಟಿ. ಕಳೆನಾಶಕವೂ ಹೀಗೇ: ತೋಡಿನ ಎರಡೂ ದಡದಲ್ಲಿ ಕನಿಷ್ಠ ಐದು ಮೀಟರ್, ಜಾಗವಿದ್ದರೆ ಹತ್ತು ಮೀಟರ್ ಬಿಟ್ಟು, ಆ ಪಟ್ಟಿಯಲ್ಲಿ ಕತ್ತಿಯಿಂದ ಆಯ್ದು ಕಳೆ ತೆಗೆಯಬೇಕು. ಯಂತ್ರ ಇಳಿಸಿದರೆ ಯಾವುದು ಕಳೆ, ಯಾವುದು ಆಸ್ಮಂಡ ಎಂದು ಅದು ಕೇಳುವುದಿಲ್ಲ.

2018ರ ಆಗಸ್ಟ್‌ನ ಕುಸಿತಗಳ ನಂತರ ಬರೆಗಳಿಗೆ ಕಾಂಕ್ರೀಟ್ ಗೋಡೆ ಕಟ್ಟುವ ಕೆಲಸ ಹೆಚ್ಚಿದೆ. ಜನರ ಸುರಕ್ಷತೆಯ ಮುಂದೆ ಗಿಡದ ವಾದ ನಿಲ್ಲದು. ಆದರೆ ಗೋಡೆ ಕಟ್ಟದ ಹೊಸ ಬರೆಗಳಲ್ಲಿ ಮೊದಲು ಬರುವ ಡೈಕ್ರಾನಾಪ್ಟೆರಿಸ್‌ನ್ನು ಕಳೆಯೆಂದು ಕೆರೆದು ಹಾಕುವುದು ಎರಡು ರೀತಿಯಲ್ಲಿ ನಷ್ಟ. ಅದರ ಗುಪ್ತಕಾಂಡದ (ನೆಲದಲ್ಲಿ ಅಡ್ಡಡ್ಡ ಹರಡುವ ಕಾಂಡದ) ಬಲೆ ಮೇಲ್ಮಣ್ಣನ್ನು ಹಿಡಿದಿರುತ್ತದೆ. ಕೆರೆದ ಜಾಗಕ್ಕೆ ಮತ್ತೆ ಬರುವುದು ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆಗಳು.

ಇದ್ದಲ್ಲೇ ಕಾಯುವುದು

ಪೊರೆ ಜರೀಗಿಡ, ಓಫಿಯೋಗ್ಲಾಸಮ್‌ಗಳಿಗೆ ಬೇರೆ ದಾರಿಯೇ ಇಲ್ಲ, ಇದ್ದಲ್ಲೇ ಉಳಿಸಬೇಕು. ಉಳಿದವಕ್ಕೂ ಇದೇ ಮೊದಲ ಕೆಲಸ, ನರ್ಸರಿ ಎರಡನೆಯದು.

ಮೊದಲು ಎಣಿಕೆ. ತೋಡಿನ ದಡದಲ್ಲಿ ಹತ್ತು ಮೀಟರ್ ಉದ್ದದ ತುಂಡುಗಳನ್ನು ಗುರುತು ಮಾಡಿ, ಪ್ರತಿ ತುಂಡಿನಲ್ಲಿ ಬೇಕಾದ ಜಾತಿಯ ಗಿಡಗಳನ್ನು ಮೂರು ಬಗೆಯಾಗಿ ಬರೆದುಕೊಳ್ಳಿ: ಎಲೆ ಹತ್ತು ಸೆಂಟಿಮೀಟರಿಗಿಂತ ಚಿಕ್ಕದಿರುವ ಮರಿಗಳು, ಬೀಜಕವಿಲ್ಲದ ನಡುಪ್ರಾಯದವು, ಬೀಜಕ ಬಿಟ್ಟವು. ಇದನ್ನು ವರ್ಷಕ್ಕೆರಡು ಸಲ ಮಾಡಬೇಕು. ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣದ ಆಸುಪಾಸಿನಲ್ಲಿ, ಮಳೆ ಇಳಿದ ಮೇಲೆ ಒಂದು. ಏಪ್ರಿಲ್‌ನಲ್ಲಿ, ಬೇಸಿಗೆಯ ತುತ್ತತುದಿಯಲ್ಲಿ ಇನ್ನೊಂದು. ಅಕ್ಟೋಬರ್‌ನಲ್ಲಿ ಮರಿಗಳಿದ್ದು ಏಪ್ರಿಲ್‌ನಲ್ಲಿ ಇಲ್ಲವಾದರೆ ತೊಂದರೆ ಬೇಸಿಗೆಯ ನೀರಿನದು. ಅಕ್ಟೋಬರ್‌ನಲ್ಲೇ ಇಲ್ಲವಾದರೆ ಬೀಜಕ ಮೊಳೆಯಲು ಬರಿ ಮಣ್ಣು ಸಿಗುತ್ತಿಲ್ಲ, ಅಥವಾ ಬೀಜಕವೇ ಸರಿಯಾಗಿ ಬಲಿಯುತ್ತಿಲ್ಲ. ಎರಡಕ್ಕೂ ಮಾಡಬೇಕಾದ್ದು ಬೇರೆ ಬೇರೆ, ಆದ್ದರಿಂದ ಒಂದೇ ಸಲ ಎಣಿಸಿ ಬರುವುದರಲ್ಲಿ ಅರ್ಥವಿಲ್ಲ.

ಬರಿ ಮಣ್ಣಿನ ಕೊರತೆಯಾದರೆ ಪರಿಹಾರ ಸರಳ. ತಾಯಿಗಿಡದ ಎರಡು ಮೂರು ಮೀಟರ್ ಒಳಗೆ, ನೆರಳಿನ ದಡದಲ್ಲಿ, ಒಂದಡಿ ಅಗಲದ ನಾಲ್ಕೈದು ಕಡೆ ತರಗೆಲೆ, ಹುಲ್ಲು ಸರಿಸಿ ಮಣ್ಣನ್ನು ಕೈಯಿಂದ ತಟ್ಟಿ ಗಟ್ಟಿ ಮಾಡಿ ಬಿಡಬೇಕು. ಅಗೆಯಬಾರದು, ಸಡಿಲ ಮಣ್ಣು ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ. ಬೀಜಕ ಉದುರುವ ಮುಂಚೆ, ಸೆಪ್ಟೆಂಬರ್‌ನಲ್ಲಿ ಕೈಲ್ ಮುಹೂರ್ತ ಕಳೆದ ಮೇಲೆ ಮಾಡಿದರೆ ಸರಿ.

ದೇವರಕಾಡುಗಳು ಈ ಕೆಲಸಕ್ಕೆ ಸಿದ್ಧವಾಗಿಯೇ ಇರುವ ಜಾಗ. ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ, ಹೆಚ್ಚಿನವು ಕೆಲವೇ ಎಕರೆಯವು. ಚಿಕ್ಕ ಕಾಡಿನ ಕಷ್ಟವೆಂದರೆ ಅಂಚು: ಗಾಳಿ, ಬಿಸಿಲು ಅಂಚಿನಿಂದ ಒಳಗೆ ನುಗ್ಗಿ ತೇವ ಎಳೆದುಕೊಳ್ಳುತ್ತವೆ. ಎರಡು ಎಕರೆಯ ಕಾಡು ಹೆಚ್ಚು ಕಡಿಮೆ ಅಂಚೇ ಆಗಿರುತ್ತದೆ. ಪಕ್ಕದ ತೋಟದವರು ಆ ಗಡಿಯ ಎರಡು ಸಾಲು ಮರಗಳ ಕೊಂಬೆ ಸವರದೆ ಬಿಟ್ಟರೆ ಒಳಗಿನ ಜರೀಗಿಡಗಳಿಗೆ ಅದು ಬೇಲಿ ಹಾಕಿದ್ದಕ್ಕಿಂತ ದೊಡ್ಡ ಉಪಕಾರ. ದೇವಸ್ಥಾನದ ಸುತ್ತ ಇಂಟರ್‌ಲಾಕ್ ಹಾಸುವಾಗ ನೀರಿನ ಬುಗ್ಗೆ, ಕಲ್ಲುಕಟ್ಟೆಗಳನ್ನು ಬಿಟ್ಟು ಹಾಸಲಿ ಎಂದು ಸಮಿತಿಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಒಂದು ಎಚ್ಚರಿಕೆ: ಅಪರೂಪದ ಗಿಡ ಸಿಕ್ಕಿದ ಜಾಗದ ನಿಖರ ಗುರುತನ್ನು ಫೋಟೋ ಜೊತೆ ಮೊಬೈಲಿನಲ್ಲಿ ಹಂಚಬೇಡಿ. ಊರಿನ ಹೆಸರಷ್ಟೇ ಸಾಕು. ಗಿಡ ಮಾರುವವರೂ ಅದೇ ಗುಂಪುಗಳಲ್ಲಿರುತ್ತಾರೆ.

ಬೀಜಕದಿಂದ ಗಿಡ

ತೋಟದ ಮನೆಯಲ್ಲೂ ಮಾಡಬಹುದಾದ ಕೆಲಸ ಇದು. ಬೇಕಾದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸು, ಪ್ರೆಶರ್ ಕುಕ್ಕರ್, ಮುಚ್ಚಳವಿರುವ ಪಾರದರ್ಶಕ ಡಬ್ಬಿ, ಸ್ವಲ್ಪ ಹೆಚ್ಚೇ ತಾಳ್ಮೆ.

ಕೊಡಗಿನಲ್ಲಿ ಹೆಚ್ಚಿನ ಜಾತಿಗಳ ಬೀಜಕ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಹುತ್ತರಿಯ ಹೊತ್ತಿನವರೆಗೂ ಬಲಿಯುತ್ತಿರುತ್ತದೆ. ಲೆನ್ಸಿನಲ್ಲಿ ನೋಡಿದಾಗ ಚೀಲಗಳು ಹಸಿರಾಗಿದ್ದರೆ ಎಳೆಯವು. ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದರೆ ಸರಿಯಾದ ಹದ. ಹರಕು ಹರಕಾಗಿ ಹತ್ತಿಯಂತೆ ಕಂಡರೆ ಬೀಜಕ ಆಗಲೇ ಹಾರಿಹೋಗಿದೆ. ಆಸ್ಮಂಡದಂಥ ಹಸಿರು ಬೀಜಕದವು ಈ ಲೆಕ್ಕಕ್ಕೆ ಸೇರುವುದಿಲ್ಲ, ಅವು ಕಡು ಹಸಿರಾಗಿರುವಾಗಲೇ ತೆಗೆಯಬೇಕು. ಇಡೀ ಎಲೆ ಬೇಡ, ಬೆರಳುದ್ದದ ಒಂದು ತುಣುಕು ಸಾಕು. ಆದರೆ ಒಂದೇ ಗಿಡದಿಂದ ತರಬೇಡಿ. ಒಂದೇ ಪ್ರೋಥ್ಯಾಲಸ್‌ನಲ್ಲಿ ಗಂಡೂ ಹೆಣ್ಣೂ ಇರುವುದರಿಂದ ಅದು ತನ್ನೊಳಗೇ ಕೂಡಿಕೊಳ್ಳಬಲ್ಲದು. ಹಾಗೆ ಹುಟ್ಟಿದ ಗಿಡಕ್ಕೆ ಎರಡೂ ಕಡೆಯಿಂದ ಬಂದ ವಂಶವಾಹಿಗಳು ಒಂದೇ. ಅಡಗಿದ್ದ ದೋಷಗಳೆಲ್ಲ ಒಂದೇ ತಲೆಮಾರಿನಲ್ಲಿ ಹೊರಬೀಳುತ್ತವೆ. ಅದೇ ತೋಡಿನ ಹತ್ತು ಗಿಡಗಳಿಂದ ಒಂದೊಂದು ತುಣುಕು ತಂದು ಬೆರೆಸಿ ಬಿತ್ತಿದರೆ ಈ ಅಪಾಯ ತಗ್ಗುತ್ತದೆ. ಬೇರೆ ಕಣಿವೆಯದನ್ನು ಬೆರೆಸಬೇಡಿ.

ತುಣುಕುಗಳನ್ನು ಕಾಗದದ ಲಕೋಟೆಯಲ್ಲಿ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಸ್ಟು ಹಿಡಿಯುತ್ತದೆ. ಮನೆಯೊಳಗೆ, ಫ್ಯಾನ್ ಗಾಳಿ ತಾಗದ ಕಡೆ, ನಯವಾದ ಬಿಳಿ ಕಾಗದದ ಮೇಲೆ ಬೀಜಕದ ಮಗ್ಗುಲು ಕೆಳಗೆ ಮಾಡಿ ಎರಡು ಮೂರು ದಿನ ಬಿಡಿ. ಕಾಗದದ ಮೇಲೆ ಪುಡಿ ಬೀಳುತ್ತದೆ, ಆದರೆ ಅದೆಲ್ಲ ಬೀಜಕವಲ್ಲ. ಒಡೆದ ಚೀಲದ ಹೊಟ್ಟೂ ಸೇರಿರುತ್ತದೆ. ಕಾಗದವನ್ನು ಓರೆ ಹಿಡಿದು ಹಿಂದಿನಿಂದ ಮೆಲ್ಲಗೆ ತಟ್ಟಿದರೆ ಹೊಟ್ಟು ಬೇಗ ಜಾರಿ ಹೋಗುತ್ತದೆ, ಬೀಜಕ ಕಾಗದಕ್ಕೆ ಅಂಟಿಕೊಂಡು ನಿಧಾನವಾಗಿ ಸರಿಯುತ್ತದೆ. ಹೊಟ್ಟನ್ನು ಬಿಟ್ಟುಬಿಡಿ, ಬೂಸ್ಟು ಹಿಡಿಯುವುದು ಅದರಿಂದಲೇ. ಕಂದು ಬೀಜಕವನ್ನು ಸಿಲಿಕಾ ಜೆಲ್ ಜೊತೆ ಎರಡು ದಿನ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಹೆಸರು, ಜಾಗ, ತಾರೀಖು ಬರೆದು, ಗಾಳಿಯಾಡದ ಬಾಟಲಿಯೊಳಗೆ ಫ್ರಿಜ್ಜಿನ 4 ಡಿಗ್ರಿಯಲ್ಲಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ. ಹಸಿರು ಬೀಜಕವನ್ನು ಅಂದೇ ಬಿತ್ತಿ, ತಪ್ಪಿದರೆ ಮರುದಿನ.

ಮಣ್ಣಿಗೆ ಜರಡಿ ಹಿಡಿದ ಎಲೆಗೊಬ್ಬರ ಎರಡು ಪಾಲು, ತೊಳೆದ ಮರಳು ಒಂದು ಪಾಲು, ಪುಡಿ ಮಾಡಿದ ಇಟ್ಟಿಗೆ ಅಥವಾ ಇದ್ದಿಲು ಒಂದು ಪಾಲು. ಒದ್ದೆ ಮಾಡಿ ಕುಕ್ಕರಿನಲ್ಲಿ ವೆಯ್ಟ್ ಹಾಕಿ ಅರ್ಧ ಗಂಟೆ ಬೇಯಿಸಿ, ಮುಚ್ಚಳ ತೆಗೆಯದೆ ತಣಿಯಲು ಬಿಡಿ. ಈ ಹಂತ ಬಿಟ್ಟರೆ ಏನಾಗುತ್ತದೆಂದರೆ, ಎಲೆಗೊಬ್ಬರದಲ್ಲಿ ಆಗಲೇ ಇರುವ ಕ್ರಿಸ್ಟೆಲ್ಲ, ಟೆರಿಸ್, ಪಿಟಿರೋಗ್ರಾಮದ ಬೀಜಕಗಳು ಮೊದಲು ಮೊಳೆತು ಡಬ್ಬಿ ತುಂಬಿಕೊಳ್ಳುತ್ತವೆ. ಪ್ರೋಥ್ಯಾಲಸ್ ಹಂತದಲ್ಲಿ ಎಲ್ಲ ಒಂದೇ ಥರ ಕಾಣುವುದರಿಂದ ಆರು ತಿಂಗಳು ನೀರು ಕೊಟ್ಟು ರಸ್ತೆಬದಿಯ ಕಳೆ ಸಾಕಿದ್ದು ಆಮೇಲೆ ಗೊತ್ತಾಗುತ್ತದೆ. ಮಣ್ಣಿನ ಬದಲು ಇಟ್ಟಿಗೆಯ ತುಂಡು ಕುದಿಸಿ, ಒಂದು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿ ನಿಲ್ಲಿಸಿ ಅದರ ಮೇಲೆ ಬಿತ್ತುವ ಹಳೆಯ ಕ್ರಮವೂ ಇದೆ. ಬಂಡೆಯ ಮೇಲಿನ ಜಾತಿಗಳಿಗೆ ಅದೇ ವಾಸಿ.

ಅರ್ಧ ಅಡಿ ಡಬ್ಬಿಗೆ ಸಾಸಿವೆ ಕಾಳಿನಷ್ಟು ಪುಡಿ ಸಾಕು. ಚಾಕುವಿನ ತುದಿಯಲ್ಲಿ ತೆಗೆದು ಮೇಲಿನಿಂದ ಉದುರಿಸಿ. ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ, ದಟ್ಟವಾಗಿ ಬಿತ್ತುತ್ತಾರೆ. ಅನೇಕ ಜಾತಿಗಳಲ್ಲಿ ಮೊದಲು ಬೆಳೆದ ಪ್ರೋಥ್ಯಾಲಸ್‌ಗಳು ಒಂದು ರಾಸಾಯನಿಕ ಬಿಡುತ್ತವೆ, ಅದರಿಂದ ಪಕ್ಕದ ಚಿಕ್ಕವೆಲ್ಲ ಗಂಡಾಗಿಯೇ ಉಳಿಯುತ್ತವೆ. ಡಬ್ಬಿ ತುಂಬ ಹಸಿರಿದ್ದೂ ಗಿಡ ಬರುವುದು ತೀರಾ ಕಡಿಮೆ.

ಬಿತ್ತಿದ ಮೇಲೆ ಮುಚ್ಚಳ ಹಾಕಿ, ಉತ್ತರದ ಕಿಟಕಿಯ ಬಳಿ ಅಥವಾ ಟ್ಯೂಬ್‌ಲೈಟಿನ ಕೆಳಗೆ ಒಂದಡಿ ದೂರದಲ್ಲಿ, ದಿನಕ್ಕೆ ಹತ್ತು ಹನ್ನೆರಡು ಗಂಟೆ ಬೆಳಕಲ್ಲಿಡಿ. 20ರಿಂದ 25 ಡಿಗ್ರಿ ಉಷ್ಣತೆ ಹಿತ. ಮಡಿಕೇರಿಯ ಚಳಿಯಲ್ಲಿ ತಡವಾಗಬಹುದು. ಒಂದರಿಂದ ಮೂರು ವಾರದಲ್ಲಿ ಹಸಿರು ಛಾಯೆ, ಎರಡು ಮೂರು ತಿಂಗಳಲ್ಲಿ ಹೃದಯಾಕಾರ. ಆಗ ಕುದಿಸಿ ಆರಿಸಿದ ನೀರನ್ನು ವಾರಕ್ಕೊಮ್ಮೆ ಮಂಜಿನಂತೆ ಸಿಂಪಡಿಸಬೇಕು. ಗಂಡು ಕೋಶ ಈಜಲು ಬೇಕಾದ ನೀರಿನ ಪದರ ಇದೇ. ದಟ್ಟವಾಗಿದ್ದರೆ ಚಿಮಟಿಯಿಂದ ಒಂದು ಸೆಂಟಿಮೀಟರಿನ ತುಣುಕುಗಳಾಗಿ ಎತ್ತಿ, ಎರಡು ಸೆಂಟಿಮೀಟರ್ ಅಂತರದಲ್ಲಿ ಇನ್ನೊಂದು ಡಬ್ಬಿಯಲ್ಲಿ ಕೂರಿಸಿ. ಮೊದಲ ಎಲೆ ಕಾಣಲು ಮೂರರಿಂದ ಆರು ತಿಂಗಳು, ಕೆಲವಕ್ಕೆ ಅದಕ್ಕೂ ಹೆಚ್ಚು.

ಮಧ್ಯೆ ಕೆಡುವ ಬಗೆಗಳನ್ನು ಗುರುತಿಸಲು ಕಲಿಯಬೇಕು. ಕಡು ನೀಲಿಹಸಿರು ಲೋಳೆ ಹರಡಿದರೆ ಬೆಳಕು, ನೀರು ಎರಡೂ ಜಾಸ್ತಿ. ಆ ಭಾಗವನ್ನು ಮಣ್ಣು ಸಮೇತ ಕೆತ್ತಿ ತೆಗೆಯಿರಿ. ಬಿಳಿ ಎಳೆಗಳು ಹಬ್ಬಿದರೆ ಬೂಸ್ಟು, ಹೊಟ್ಟು ಉಳಿದಿದೆ ಎಂದರ್ಥ. ಪ್ರೋಥ್ಯಾಲಸ್ ಅಂಚಿನಿಂದ ಕಡಿದಂತಾಗಿ ಸುತ್ತ ಸಣ್ಣ ಕಪ್ಪು ನೊಣ ಹಾರಾಡಿದರೆ ಅದರ ಹುಳು ಮಣ್ಣಿನಲ್ಲಿದೆ. ಮಣ್ಣಿನ ಮೇಲ್ಪದರ ಒಂದೆರಡು ದಿನ ಆರುವಂತೆ ಮಾಡಿ ಹಳದಿ ಅಂಟುಕಾಗದ ತೂಗಿಸಬಹುದು, ಆದರೆ ಹೆಚ್ಚಾಗಿ ಆ ಡಬ್ಬಿ ಹೋದಂತೆಯೇ. ಅದಕ್ಕೇ ಒಂದೇ ಡಬ್ಬಿಯಲ್ಲಿ ಎಲ್ಲ ಬೀಜಕ ಬಿತ್ತಬಾರದು.

ಮೂರು ನಾಲ್ಕು ಎಲೆ, ಮೂರು ಸೆಂಟಿಮೀಟರ್ ಎತ್ತರವಾದ ಮೇಲೆ ಕುಂಡಕ್ಕೆ. ಮುಚ್ಚಳವನ್ನು ಒಮ್ಮೆಲೇ ತೆಗೆದರೆ ಸಂಜೆಯೊಳಗೆ ಬಾಡುತ್ತವೆ. ಮೊದಲ ವಾರ ಕಾಲುಭಾಗ, ಆಮೇಲೆ ಅರ್ಧ, ಹೀಗೆ ಮೂರು ನಾಲ್ಕು ವಾರ ಹಿಡಿಯಬೇಕು. ಮುಂದೆ 75 ಪರ್ಸೆಂಟ್ ನೆರಳುಪರದೆಯ ಕೆಳಗೆ ಒಂದು ವರ್ಷ.

ಬೀಜಕ ಹಾಕಿದರೂ ಬಾರದವು

ಓಫಿಯೋಗ್ಲಾಸಮ್, ಸೈಲೋಟಮ್, ಹ್ಯೂಪರ್ಜಿಯಗಳ ಪ್ರೋಥ್ಯಾಲಸ್ ಮಣ್ಣಿನ ಅಥವಾ ಪಾಚಿಯ ಹಾಸಿನ ಒಳಗೆ ಇರುತ್ತದೆ, ಹಸಿರಾಗಿರುವುದಿಲ್ಲ. ಅದಕ್ಕೆ ಊಟ ಕೊಡುವುದು ಒಳಹೊಕ್ಕ ಶಿಲೀಂಧ್ರ. ಆ ಶಿಲೀಂಧ್ರವಿಲ್ಲದೆ ಕುಕ್ಕರಿನಲ್ಲಿ ಬೇಯಿಸಿದ ಮಣ್ಣಿನಲ್ಲಿ ಬಿತ್ತಿದರೆ ಏನೂ ಬರುವುದಿಲ್ಲ. ಹ್ಯೂಪರ್ಜಿಯವನ್ನು ತುದಿಯ ತುಂಡುಗಳಿಂದ ಮಾಡಬಹುದು: ಗಾಳಿಗೆ ಬಿದ್ದ ಕೊಂಬೆಯಿಂದ ಸಿಕ್ಕ ಗೊಂಡೆಯ ತುದಿಗಳನ್ನು ಒದ್ದೆ ಪಾಚಿಯ ಮೇಲೆ ಮಲಗಿಸಿ, ಮುಚ್ಚಿಟ್ಟರೆ ಆರು ತಿಂಗಳಿಂದ ಒಂದು ವರ್ಷದಲ್ಲಿ ಬೇರು ಬರುತ್ತದೆ. ಗೊಬ್ಬರ ಬೇಡ, ಬೇರು ಕಪ್ಪಾಗುತ್ತದೆ.

ಆಂಜಿಯಾಪ್ಟೆರಿಸ್‌ಗೆ ಇನ್ನೊಂದು ದಾರಿಯಿದೆ. ಎಲೆತೊಟ್ಟಿನ ಬುಡದಲ್ಲಿ ಎರಡು ದಪ್ಪ ಕಿವಿಗಳಂಥ ಭಾಗಗಳಿರುತ್ತವೆ. ಹಳೆ ಎಲೆ ಬಿದ್ದ ಮೇಲೆ ಉಳಿದ ಕಿವಿಯೊಂದನ್ನು ಹರಿತ ಚಾಕುವಿನಿಂದ ಬಿಡಿಸಿ, ಗಾಯಕ್ಕೆ ಇದ್ದಿಲು ಪುಡಿ ಹಚ್ಚಿ, ಒದ್ದೆ ಮರಳು ಮತ್ತು ಪಾಚಿಯಲ್ಲಿ ಅರ್ಧ ಹೂತು ನೆರಳಲ್ಲಿಟ್ಟರೆ ಒಂದು ವರ್ಷದ ಹೊತ್ತಿಗೆ ಮೊಳಕೆ ಬರುತ್ತದೆ. ತಾಯಿಗಿಡಕ್ಕೆ ಹಾನಿಯಿಲ್ಲ.

ಮತ್ತೆ ತೋಡಿಗೆ

ನರ್ಸರಿಯ ಗಿಡ ಗುರುತು ಹಿಡಿಯುವಷ್ಟು ದೊಡ್ಡದಾಗದೆ ಹೊರಗೆ ನೆಡಬೇಡಿ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಂಥ ಕಡೆಯ ಸಸ್ಯಶಾಸ್ತ್ರ ಬಲ್ಲವರಿಗೆ ಒಂದು ಎಲೆ ತೋರಿಸಿ ಖಚಿತ ಮಾಡಿಕೊಂಡರೆ ಒಳ್ಳೆಯದು. ಸ್ವಂತ ತೋಟದಲ್ಲಿ ನೆಡಲು ಯಾರ ಅಪ್ಪಣೆಯೂ ಬೇಡ. ಅಭಯಾರಣ್ಯ, ಮೀಸಲು ಅರಣ್ಯ, ದೇವರಕಾಡಿನಲ್ಲಿ ನೆಡಲೂ ಬೀಜಕ ತರಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಮರಜರೀಗಿಡಗಳು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಆದರೆ 2022ರ ತಿದ್ದುಪಡಿಗೆ ಮುಂಚೆ ವನ್ಯಜೀವಿ ಕಾಯಿದೆಯ ಆರನೇ ಅನುಸೂಚಿಯಲ್ಲಿ ಬಹುಕಾಲ ಇದ್ದ ಆರು ಗಿಡಗಳಲ್ಲಿ ಒಂದೂ ಜರೀಗಿಡವಾಗಿರಲಿಲ್ಲ. ಅದರಿಂದ ಊರಮಟ್ಟದಲ್ಲಿ ಕೈಗೆ ಸಿಗುವ ಅಸ್ತ್ರವೆಂದರೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ. ಅದರ ದಾಖಲಾತಿಯಲ್ಲಿ ಈ ಗಿಡಗಳ ಹೆಸರು ಸೇರಿಸಿದರೆ ರಸ್ತೆ, ಕಟ್ಟಡದ ಪ್ರಶ್ನೆ ಬಂದಾಗ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ನೆಡುವ ಕಾಲ ಜೂನ್, ಭೂಮಿ ಚೆನ್ನಾಗಿ ನೆನೆದ ಮೇಲೆ, ಜುಲೈನ ಬಿರುಮಳೆಗೆ ಮುಂಚೆ. ಬೇರು ಹಿಡಿಯಲು ಎರಡು ಮೂರು ವಾರ ಸಿಗದಿದ್ದರೆ ಕಕ್ಕಡದ ಮಳೆ ಗಿಡವನ್ನೇ ತೆಗೆದುಕೊಂಡು ಹೋಗುತ್ತದೆ. ತೋಡಿನ ನೆರೆ ಮುಟ್ಟುವ ಗುರುತಿಗಿಂತ ಒಂದಡಿ ಮೇಲೆ ನೆಡಿ. ಗುಪ್ತಕಾಂಡವನ್ನು ಹೂಳಬೇಡಿ, ಸುರುಳಿಗಳು ಮಣ್ಣಿನ ಮಟ್ಟದಲ್ಲೇ ಇರಲಿ, ಹೂತರೆ ಕೊಳೆಯುತ್ತದೆ. ಮರದ ಮೇಲಿನವನ್ನು ಒರಟು ತೊಗಟೆಯ ಮರದಲ್ಲಿ, ಪಾಚಿ ಇರುವ ಮಗ್ಗುಲಿಗೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿ. ಹಗ್ಗ ಕೊಳೆತು ಬೀಳುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ತಂತಿ, ನೈಲಾನ್ ದಾರ ಕಾಂಡ ಕತ್ತರಿಸುತ್ತವೆ.

ಮೊದಲ ಬೇಸಿಗೆಯಲ್ಲಿ, ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೆರಡು ಸಲ ನೀರು ಬೇಕು. ಆ ಬೇಸಿಗೆ ದಾಟಿದವನ್ನು ಮಾತ್ರ ಬದುಕಿದವು ಎಂದು ಎಣಿಸಬೇಕು. ಅಕ್ಟೋಬರ್‌ನಲ್ಲಿ ಹಸಿರಾಗಿರುವ ಗಿಡಗಳ ಫೋಟೋ ತೆಗೆದು ಕಾರ್ಯಕ್ರಮ ಯಶಸ್ವಿ ಎಂದು ವರದಿ ಬರೆಯುವುದು ಬಲು ಸುಲಭ. ನಾಲ್ಕೈದು ವರ್ಷ ಕಳೆದು ನೆಟ್ಟ ಗಿಡ ಬೀಜಕ ಬಿಟ್ಟು, ಅದರ ಕೆಳಗಿನ ದಡದಲ್ಲಿ ನಾವು ನೆಡದ ಹತ್ತು ಸೆಂಟಿಮೀಟರಿನ ಮರಿಗಳು ಎಣಿಕೆಗೆ ಸಿಕ್ಕ ವರ್ಷ ಆ ಜಾಗಕ್ಕೆ ನೀರು ಹಾಕುವುದನ್ನೂ, ಹೊಸ ಗಿಡ ತಂದು ನೆಡುವುದನ್ನೂ ನಿಲ್ಲಿಸಬಹುದು. ಎಣಿಕೆ ಮಾತ್ರ ಅಕ್ಟೋಬರ್, ಏಪ್ರಿಲ್ ಎಂದು ನಡೆಯುತ್ತಲೇ ಇರಬೇಕು.